ಬೋನಸ್ಸೂ ಸಂಬಳದ ದುಡ್ಡೇ

ಕೆಲಸಕ್ಕೆ ಸೇರಿದ ಮೇಲೆ, ಯಾವ ಫಂಡಿನಲ್ಲಿ ಹಣ ಹಾಕಬೇಕು ಎಂದು ಕೇಳುವ ಮೊದಲು, ನನ್ನ ಹೆಸರಿನಲ್ಲಿದ್ದ ಹಣವನ್ನೂ ಸಾಲವನ್ನೂ ಒಂದೇ ಎಕ್ಸೆಲ್ ಹಾಳೆಯಲ್ಲಿ ಬರೆದೆ. ಹಣ ಎಲ್ಲಿಂದ ಬಂತು, ಯಾವುದಕ್ಕಾಗಿ ಎತ್ತಿಟ್ಟಿದ್ದು ಎಂಬುದನ್ನು ನೋಡಿ ಮನಸ್ಸು ಅದನ್ನು ಬೇರೆ ಬೇರೆ ಖಾತೆಗಳಿಗೆ ಹಂಚುತ್ತದೆ ಎಂದು ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1985ರಲ್ಲಿಯೇ ವಿವರಿಸಿದ್ದರು. ನನ್ನ ಹಾಳೆಯಲ್ಲಿ ಅದು ಕಣ್ಣಿಗೆ ಕಟ್ಟುವಂತಿತ್ತು. ಒಂದು ಕಡೆ ಶೇ 7ರ ಬಡ್ಡಿಯ ಠೇವಣಿ, ಇನ್ನೊಂದು ಕಡೆ ಶೇ 10ನ್ನು ಮೀರಿದ ಬಡ್ಡಿಯ ಶೈಕ್ಷಣಿಕ ಸಾಲ. ಠೇವಣಿಯ ಬಡ್ಡಿಗೆ ತೆರಿಗೆಯುಂಟು, ಹೊಸ ತೆರಿಗೆ ಪದ್ಧತಿಯಲ್ಲಿ ಸಾಲದ ಬಡ್ಡಿಗೆ ಕಡಿತವಿಲ್ಲ. ಆದ್ದರಿಂದ ಆರು ತಿಂಗಳ ಖರ್ಚಿನಷ್ಟನ್ನು ಉಳಿಸಿಕೊಂಡು, ಮಿಕ್ಕದ್ದನ್ನು ಸಾಲಕ್ಕೆ ಕಟ್ಟಿದೆ. ‘ಕೂಡಿಟ್ಟ ದುಡ್ಡಿಗೆ ಯಾಕೋ ಕೈ ಹಾಕ್ತೀಯಾ?’ ಎಂದು ಅಪ್ಪ ಬೇಸರಿಸಿಕೊಂಡರು. ಉಳಿತಾಯ ಬೇರೆ, ಸಾಲದ ಕಂತು ಬೇರೆ ಎಂಬುದು ಅವರ ಲೆಕ್ಕ.

ಅದೇ ಹಾಳೆಯಲ್ಲಿ ಭವಿಷ್ಯ ನಿಧಿಯನ್ನೂ ಸೇರಿಸಿದ್ದರಿಂದ ಇನ್ನೊಂದು ವಿಷಯ ತಿಳಿಯಿತು. ಸಂಬಳದಿಂದ ಮೊದಲೇ ಕಡಿತವಾಗುವ ಆ ಹಣವನ್ನು ನನ್ನ ವಯಸ್ಸಿನವರು ಹೂಡಿಕೆಯೆಂದೇ ಎಣಿಸುವುದಿಲ್ಲ. ಎಣಿಸಿದರೆ ಸುರಕ್ಷಿತ ಪಾಲು ಆಗಲೇ ಸಾಕಷ್ಟಿರುತ್ತದೆ. ಹಾಗಾಗಿ ನನ್ನ ಎಸ್‌ಐಪಿ, ಅಂದರೆ ತಿಂಗಳು ತಿಂಗಳು ಕಟ್ಟುವ ಹೂಡಿಕೆ, ಪೂರ್ತಿಯಾಗಿ ಷೇರು ಸೂಚ್ಯಂಕವನ್ನೇ ಅನುಸರಿಸುವ ಇಂಡೆಕ್ಸ್ ಫಂಡಿಗೆ ಹೋಗುತ್ತದೆ.

ಬೋನಸ್ಸಿನ ವಿಷಯದಲ್ಲಿ ನಾನು ಹೆಚ್ಚು ಕಟ್ಟುನಿಟ್ಟು. ‘ಇದು ಎಕ್ಸ್‌ಟ್ರಾ ದುಡ್ಡು, ಹೋದರೆ ಹೋಗಲಿ’ ಎಂದು ಆಪ್ಷನ್ಸ್ ವಹಿವಾಟಿಗೆ, ಅಂದರೆ ಷೇರು ಬೆಲೆಯ ಏರಿಳಿತದ ಮೇಲಿನ ಒಪ್ಪಂದಗಳ ವ್ಯಾಪಾರಕ್ಕೆ, ಇಳಿದ ಸಹೋದ್ಯೋಗಿಗಳು, ಸಂಬಳದ ಹಣದಲ್ಲಿ ಹಾಗೆ ಮಾಡುವವರಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ ಪ್ರಕಟಿಸಿದ ಅಧ್ಯಯನದಂತೆ, ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಭಾಗದ ಬಿಡಿ ವಹಿವಾಟುದಾರರಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದ್ದರು. ವಹಿವಾಟುದಾರರಲ್ಲಿ ಮೂವತ್ತು ವರ್ಷದೊಳಗಿನವರ ಪಾಲು ಒಂದೇ ವರ್ಷದಲ್ಲಿ ಶೇ 31ರಿಂದ 43ಕ್ಕೆ ಏರಿತ್ತು. ಬೋನಸ್ ಬಂದ ದಿನವೇ ಅದನ್ನು ಸಂಬಳವನ್ನು ಹಂಚುವ ಅನುಪಾತದಲ್ಲಿಯೇ ಹಂಚಿಬಿಡುತ್ತೇನೆ. ಖರ್ಚಿನ ಪಾಲೂ ಅದರಲ್ಲಿದೆ, ಸನ್ಯಾಸವೇನೂ ಅಲ್ಲ.

ಇಳಿದ ಷೇರುಗಳ ಬಗ್ಗೆ ‘ಅಸಲು ಬಂದರೆ ಮಾರುತ್ತೇನೆ’ ಎಂಬ ಮಾತನ್ನು ಎಲ್ಲರೂ ಆಡುತ್ತಾರೆ. ಕೊಂಡ ಬೆಲೆಯ ಕಾಲಂ ಅನ್ನು ನನ್ನ ಹಾಳೆಯಲ್ಲಿ ಮರೆಮಾಡಿ, ಇಷ್ಟು ನಗದು ಕೈಯಲ್ಲಿದ್ದರೆ ಇದನ್ನೇ ಇಂದು ಕೊಳ್ಳುತ್ತಿದ್ದೆನೇ ಎಂದು ಮಾತ್ರ ಕೇಳಿಕೊಳ್ಳುತ್ತೇನೆ. ತೆರಿಗೆ ಲೆಕ್ಕಕ್ಕೆ ಮಾತ್ರ ಆ ಕಾಲಂ ತೆರೆಯುತ್ತದೆ, ಏಕೆಂದರೆ ಮಾರಿ ಆದ ನಷ್ಟವನ್ನು ಬಂಡವಾಳ ಲಾಭದಲ್ಲಿ ಕಳೆಯಲು ಅವಕಾಶವಿದೆ.

ಆರು ತಿಂಗಳ ಖರ್ಚಿನ ಹಣವನ್ನಂತೂ ಬೇಕೆಂದೇ ಬೇರೆ ಬ್ಯಾಂಕಿನಲ್ಲಿ, ಯುಪಿಐ ಜೋಡಿಸದ ಖಾತೆಯಲ್ಲಿ ಇಟ್ಟಿದ್ದೇನೆ. ಒಂದೇ ಹಾಳೆಯ ತರ್ಕಕ್ಕೆ ಇದು ಒಪ್ಪುವುದಿಲ್ಲ; ಆದರೂ ಮನಸ್ಸಿನ ಈ ಒಂದು ಗೋಡೆಯನ್ನು ಕೆಡವುವ ಯೋಚನೆ ನನಗಿಲ್ಲ.