ಗ್ಯಾಸ್ಕೆಟ್ ಹಾಕಿಸಿದ ಮೇಲೂ ಕಾರು ಬಿಸಿಯಾದರೆ ಮೊದಲು ಗಾಳಿ ತೆಗೆಯಿರಿ

ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಸೀಲು, ಹೊಸದು ಹಾಕಿಸಿ ಆಗಿನ್ನೂ ಮೂರು ದಿನ. ಮಂಗಳೂರಿಂದ ಸಕಲೇಶಪುರಕ್ಕೆ ವಾಪಸ್ ಬರುತ್ತಿದ್ದೆವು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪು ಗೆರೆಗೆ ಹೋಗಿ ಕೂತಿತು. ಎಂಜಿನ್ನಿನ ಶಾಖ ಸ್ವಲ್ಪ ಇಳಿಯಲಿ ಅಂತ ಹೀಟರ್ ಪೂರ್ತಿ ತಿರುಗಿಸಿದೆ. ಬಂದಿದ್ದು ತಣ್ಣನೆ ಗಾಳಿ! 'ಏಸಿ ಹಾಕಿದ್ರಾ, ಹಾಯಾಗಿದೆ' ಅಂದಳು ಹೆಂಡತಿ. ಕಾಯಿಲೆ ಏನು ಅಂತ ಆ ಗಾಳಿಯೇ ಹೇಳುತ್ತಿತ್ತು. ನನಗೆ ತಿಳಿಯಲಿಲ್ಲ. ಗ್ಯಾಸ್ಕೆಟ್ ಮತ್ತೆ ಹೋಯಿತು ಅಂತ ಗಾಡಿ ನಿಲ್ಲಿಸಿ, ತಲೆ ಮೇಲೆ ಕೈ ಹೊತ್ತು ಕೂತೆ.

ಹೆಡ್ ಬಿಚ್ಚುವಾಗ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಎಲ್ಲ ಇಳಿಸಿರುತ್ತಾರೆ. ಮತ್ತೆ ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಇದೇ ಏರ್ ಲಾಕ್. ಗಾಳಿ ನಿಂತ ಕಡೆ ಕೂಲೆಂಟ್ ಹರಿಯುವುದಿಲ್ಲ. ಹೀಟರಿಗೆ ಬಿಸಿ ನೀರೇ ತಲುಪದಿದ್ದರೆ ಬಿಸಿ ಗಾಳಿ ಎಲ್ಲಿಂದ ಬರಬೇಕು?

ಗಾಳಿ ತೆಗೆಯುವುದು ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ. ಬಿಸಿ ಎಂಜಿನ್ನಿನ ರೇಡಿಯೇಟರ್ ಕ್ಯಾಪ್ ಯಾವತ್ತೂ ತೆಗೆಯಬೇಡಿ, ಮುಖ ಸುಟ್ಟುಹೋಗುತ್ತದೆ. ನಮ್ಮ ಮನೆ ಮುಂದಿನ ದಾರಿ ಏರು. ಕಾರಿನ ಮೂತಿ ಮೇಲಕ್ಕೆ ಬರುವ ಹಾಗೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟೆ. ಕ್ಯಾಪ್ ತೆಗೆದು, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಕೂಲೆಂಟ್ ನಿಧಾನವಾಗಿ ಹುಯ್ದೆ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಬೋರ್‌ವೆಲ್ ನೀರು ಬೇಡ, ಒಳಗೆಲ್ಲ ಉಪ್ಪು ಕಟ್ಟುತ್ತದೆ.

ಆಮೇಲೆ ಸ್ಟಾರ್ಟ್ ಮಾಡಿ ಸುಮ್ನೆ ಐಡ್ಲಿಂಗಲ್ಲಿ ಬಿಡಿ. ಗುಳುಗುಳು ಅಂತ ಗುಳ್ಳೆ ಬರುತ್ತದೆ, ಮಟ್ಟ ಇಳಿಯುತ್ತದೆ, ಮತ್ತೆ ಹುಯ್ಯಿರಿ. ದಪ್ಪ ಬಟ್ಟೆ ಹಿಡಿದು ರೇಡಿಯೇಟರಿನ ಮೇಲಿನ ಹೋಸನ್ನು ಆಗಾಗ ಹಿಸುಕಿ, ಬೆರಳು ಮಾತ್ರ ಫ್ಯಾನಿಂದ ದೂರ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ತೆರೆದ ಕೂಡಲೇ ಮಟ್ಟ ದಬಕ್ಕಂತ ಇಳಿಯಬಹುದು, ಹೆದರಬೇಡಿ. ಫ್ಯಾನ್ ಎರಡು ಸಲ ತಿರುಗಿ ನಿಲ್ಲುವ ತನಕ ಕಾಯಿರಿ. ನನಗೆ ಅರ್ಧ ಗಂಟೆ ಹಿಡಿಯಿತು. ಕೆಲವು ಕಾರುಗಳಲ್ಲಿ ಗಾಳಿ ಬಿಡಲೆಂದೇ ಒಂದು ಸ್ಕ್ರೂ ಇರುತ್ತದೆ, ಇದ್ದರೆ ಕೆಲಸ ಸುಲಭ. ಮರುದಿನ ಬೆಳಿಗ್ಗೆ ಮಟ್ಟ ನೋಡಿ, ಕಡಿಮೆಯಾಗಿದ್ದರೆ ತುಂಬಿ. ಚೆಲ್ಲಿದ ಕೂಲೆಂಟನ್ನು ತೊಳೆದುಬಿಡಿ. ಅದು ಸಿಹಿ ವಿಷ, ನಾಯಿ ಬೆಕ್ಕು ನೆಕ್ಕುತ್ತವೆ.

ಫ್ಯಾನ್ ತಿರುಗದೇ ಇದ್ದರೆ ಫ್ಯೂಸ್, ರಿಲೇ, ಸ್ವಿಚ್ ನೋಡಿ. ಎಷ್ಟೋ ಸಲ ಹೆಡ್ ಕೂರಿಸಿದವರು ವೈರ್ ಸಿಕ್ಕಿಸಲು ಮರೆತಿರುತ್ತಾರೆ, ಅಷ್ಟೇ. ಮೇಲಿನ ಹೋಸ್ ಕುದಿಯುತ್ತಿದ್ದು ಕೆಳಗಿನದು ತಣ್ಣಗಿದ್ದರೆ ಥರ್ಮೋಸ್ಟಾಟ್ ಮೇಲೆ ಅನುಮಾನ ಪಡಿ. ಅದನ್ನು ಬಿಚ್ಚಿ, ಅಡುಗೆಗೆ ಬಳಸದ ಪಾತ್ರೆಯಲ್ಲಿ ನೀರು ಕಾಯಿಸಿ ಮುಳುಗಿಸಿ. ಕುದಿ ಬರುವಷ್ಟರಲ್ಲಿ ಬಾಯಿ ಬಿಡಬೇಕು. ನನ್ನದರ ಮೇಲೆ 82 ಅಂತ ಕೊರೆದಿತ್ತು, ಅಂದರೆ 82 ಡಿಗ್ರಿಗೆ ತೆರೆಯಲು ಶುರು. 'ನಮ್ಮ ಸೆಕೆಗೆ ಇದು ಬೇಡ ಸಾರ್, ಕಿತ್ತು ಬಿಸಾಕಿ' ಅನ್ನುವ ಮೆಕ್ಯಾನಿಕ್ ಸಿಗುತ್ತಾರೆ. ಕೇಳಬೇಡಿ. ಅದಿಲ್ಲದೆ ಎಂಜಿನ್ ಸರಿಯಾದ ಬಿಸಿಗೇ ಬರದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ನನ್ನ ಕಾರಲ್ಲಿ ಗಾಳಿಯ ಜೊತೆಗೆ ಇನ್ನೊಂದು ಕಳ್ಳ ಇತ್ತು, ರೇಡಿಯೇಟರ್ ಕ್ಯಾಪ್. ಒಳಗಿನ ರಬ್ಬರ್ ಹರಿದಿತ್ತು. ಕ್ಯಾಪ್ ಅಂದರೆ ಕುಕ್ಕರಿನ ವೆಯಿಟ್ ಇದ್ದ ಹಾಗೆ. 0.9 (ಬಾರ್ ಒತ್ತಡ) ಅಂತ ಬರೆದಿರುವ ಕ್ಯಾಪ್ ಒತ್ತಡ ಹಿಡಿದಿಟ್ಟರೆ ಒಳಗಿನ ನೀರು 115 ಡಿಗ್ರಿಗೂ ಕುದಿಯುವುದಿಲ್ಲ. ಹಿಡಿಯದಿದ್ದರೆ ಘಾಟಿಯಲ್ಲಿ ಉಕ್ಕುತ್ತದೆ. ಹಳೇದರ ಮೇಲೆ ಇದ್ದ ನಂಬರಿನದೇ ಹೊಸದು ಹಾಕಿದೆ. ಮುಂದಿನ ಸಲ ಅದೇ ಘಾಟಿಯಲ್ಲಿ ಹೀಟರ್ ಹಾಕಿ ನೋಡಿದೆ. ಹೆಂಡತಿ ಕಿಟಕಿ ಇಳಿಸಿದಳು.

ಗ್ಯಾಸ್ಕೆಟ್ ಮೇಲೆ ಅನುಮಾನ ಪಡುವುದು ಇಷ್ಟೆಲ್ಲ ಆದ ಮೇಲೆ. ಎರಡು ಮೂರು ಸಲ ಗಾಳಿ ತೆಗೆದರೂ ಗುಳ್ಳೆ ನಿಲ್ಲುತ್ತಿಲ್ಲವಾ? ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾಗುತ್ತಾ? ಹಾಗಿದ್ದರೆ ಸಿಲಿಂಡರಿನ ಗ್ಯಾಸ್ ಕೂಲೆಂಟಿಗೆ ಸೇರುತ್ತಿರಬಹುದು. ಆ ಗ್ಯಾಸನ್ನು ಪತ್ತೆ ಹಚ್ಚುವ, ನೀಲಿ ದ್ರವದ ಬ್ಲಾಕ್ ಟೆಸ್ಟರ್ ಇರುವ ಗ್ಯಾರೇಜಿಗೆ ಹೋಗಿ. ದ್ರವ ಹಳದಿಗೆ ತಿರುಗಿದರೆ ಹೆಡ್ ಬಿಚ್ಚಲೇಬೇಕು. ಮೊದಲು ಕೆಲಸ ಮಾಡಿದವರನ್ನು ಕೇಳಿ: ಹೆಡ್ ಸಮ ಇದೆಯಾ ಅಂತ ಲೇತಿನವರ ಹತ್ತಿರ ನೋಡಿಸಿದ್ದರಾ? ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ (ಎಷ್ಟು ಬಿಗಿ ಅಂತ ಅಳೆಯುವ ಸ್ಪ್ಯಾನರ್), ಮಧ್ಯದಿಂದ ಹೊರಕ್ಕೆ ಬಿಗಿ ಮಾಡಿದ್ದರಾ? ಸೊಟ್ಟಗಾದ ಹೆಡ್ಡಿಗೆ ಎಷ್ಟು ಹೊಸ ಗ್ಯಾಸ್ಕೆಟ್ ಹಾಕಿದರೂ ನಿಲ್ಲುವುದಿಲ್ಲ.