ಅಡಿಕೆ ಸುಗ್ಗಿಯ ನಡುವೆ ಚಿತ್ರೀಕರಣ

ನನ್ನ ಮೊದಲ ಚಿತ್ರವನ್ನು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, 13 ಜನರ ತಂಡ ಕಟ್ಟಿಕೊಂಡು, 18 ದಿನಗಳಲ್ಲಿ ಚಿತ್ರೀಕರಿಸಿದೆ. ಕೈಯಲ್ಲಿದ್ದ ಹಣದ ಬಹುಪಾಲು ಕ್ಯಾಮೆರಾ ಮತ್ತು ಧ್ವನಿ ಉಪಕರಣಗಳ ಬಾಡಿಗೆಗೇ ಹೋಗುತ್ತಿದ್ದುದರಿಂದ ಯಾರಿಗೂ ಮಾರುಕಟ್ಟೆ ದರದ ಸಂಭಾವನೆ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹಾಗಾಗಿ ಹೊರಡುವ ಮೊದಲೇ ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿಕೊಂಡು, ಈಗ ಎಷ್ಟು ಕೊಡುತ್ತೇನೆ, ಚಿತ್ರ ಮಾರಾಟವಾದರೆ ಎಷ್ಟು, ಆಗದಿದ್ದರೆ ಏನೂ ಇಲ್ಲ ಎಂಬುದನ್ನು ಒಂದು ಪುಟದಲ್ಲಿ ಬರೆದು ಸಹಿ ಹಾಕಿಸಿಕೊಂಡೆ, ನಾನೂ ಹಾಕಿದೆ. ಇಬ್ಬರು ಅದನ್ನು ಓದಿ ನಯವಾಗಿಯೇ ಹಿಂದೆ ಸರಿದರು. ಹತ್ತನೆಯ ದಿನ ಜಗಳವಾಡಿಕೊಂಡು ಹೋಗುವುದಕ್ಕಿಂತ ಅದು ಎಷ್ಟೋ ವಾಸಿ.

ದಿನಭತ್ಯೆಯನ್ನು ಪ್ಯಾಕಪ್ ಆದ ಕೂಡಲೇ ಕೈಗೆ ಕೊಡುತ್ತಿದ್ದೆ. ಊಟದ ವಿಷಯದಲ್ಲಿ ಮಾತ್ರ ತಪ್ಪಿದೆ. ಮೂರನೆಯ ದಿನ ಬೆಳಕು ಹೋದೀತೆಂಬ ಆತುರದಲ್ಲಿ ಮಧ್ಯಾಹ್ನದ ಊಟವನ್ನು ನಾಲ್ಕು ಗಂಟೆಯವರೆಗೆ ತಳ್ಳಿದೆ. ಬೂಮ್ (ಉದ್ದ ಕೋಲಿನ ತುದಿಯ ಮೈಕ್) ಹಿಡಿದಿದ್ದ ಹುಡುಗನ ತೋಳು ನಡುಗಿ ಆ ಟೇಕ್‌ಗಳೆಲ್ಲ ಕೆಟ್ಟವು, ಬೆಳಕೂ ಉಳಿಯಲಿಲ್ಲ. ಮರುದಿನದಿಂದ ಒಂದೂವರೆಗೆ ಎಲೆ ಹಾಕಿಸುವ ಅಧಿಕಾರವನ್ನು ಸಹಾಯಕ ನಿರ್ದೇಶಕಿಗೆ ಬಿಟ್ಟುಕೊಟ್ಟೆ.

ಹೆಗ್ಗೋಡಿನ ನೀನಾಸಮ್‌ ರಂಗಸಂಸ್ಥೆಯಲ್ಲಿ ಕಲಿತ ಇಬ್ಬರು ನಟರಿದ್ದರು. ಕೊನೆಯ ಸಾಲಿನ ಪ್ರೇಕ್ಷಕನಿಗೂ ಮಾತು ಮುಟ್ಟಿಸುವುದು ಅವರಿಗೆ ಉಸಿರಾಟದಷ್ಟೇ ಸಹಜ. ನಾವು ಸಿಂಕ್ ಸೌಂಡ್ ಬಳಸುತ್ತಿದ್ದೆವು, ಅಂದರೆ ಮಾತನ್ನು ಚಿತ್ರೀಕರಣದ ಹೊತ್ತಿಗೇ ಮುದ್ರಿಸಿಕೊಳ್ಳುತ್ತಿದ್ದೆವು. ದನಿ ತಗ್ಗಿಸಿ ಎಂದು ಹೇಳಿದಾಗಲೆಲ್ಲ ಮಾತಿನ ಜೀವವೂ ತಗ್ಗುತ್ತಿತ್ತು. ಕೊನೆಗೆ, ಒಳಕೋಣೆಯಲ್ಲಿ ನಿಜವಾಗಿಯೇ ಒಂದು ಮಗು ಮಲಗಿದೆ, ಎಚ್ಚರವಾಗಬಾರದು ಎಂದೆ. ಅಷ್ಟು ಸಾಕಾಯಿತು.

ತಾಯಿಯ ಪಾತ್ರಕ್ಕೆ ಅದೇ ಊರಿನ ಅಡಿಕೆ ಸುಲಿಯುವ ಹೆಂಗಸೊಬ್ಬರನ್ನು ಒಪ್ಪಿಸಿದ್ದೆ. ಡಿಸೆಂಬರ್ ತಿಂಗಳು, ಅಡಿಕೆ ಗೊನೆ ಕೊಯ್ಯುವ ಕಾಲ. ಕೊಯ್ದ ಹಸಿ ಅಡಿಕೆಯನ್ನು ಹೆಚ್ಚು ದಿನ ಇಡುವಂತಿಲ್ಲ, ಬೇಗ ಸುಲಿದು ಬೇಯಿಸಬೇಕು. ಆದ್ದರಿಂದ ನಾವೇ ಅವರ ಕೆಲಸದ ಜಗಲಿಗೆ ಹೋಗಿ, ಅವರು ಸುಲಿಯುತ್ತಿರುವಾಗಲೇ ಮಗನೊಡನೆ ಮಾತಾಡುವ ದೃಶ್ಯವನ್ನು ತೆಗೆಯಲು ಹೊರಟೆವು. ನಾಲ್ಕನೆಯ ಟೇಕ್ ಹೊತ್ತಿಗೆ ರಾಶಿ ಕರಗಿತ್ತು, ಹಿಂದಿನ ಟೇಕ್‌ಗಳಿಗೆ ಹೊಂದುತ್ತಿರಲಿಲ್ಲ. ಸುಲಿದ ಅಡಿಕೆಯನ್ನು ಮತ್ತೆ ಸಿಪ್ಪೆಗೆ ತುಂಬಲಾಗುವುದಿಲ್ಲವಲ್ಲ! ಕಟ್ ಎಂದ ಕೂಡಲೇ ನಿಲ್ಲಿಸಿ ಎಂದು ಕೇಳಿಕೊಂಡಾಗ ಅವರು ಅಡಿಕೆ ಸುಲಿಯುವ ಮೆಟ್ಟುಗತ್ತಿಯಿಂದ ಕಣ್ಣೆತ್ತದೆ, "ನೀ ಕಟ್ ಅಂದ್ರೆ ಕೈ ಕೇಳ್ಬೇಕಲ್ಲ ತಮ್ಮಾ. ನಿಂತಷ್ಟೂ ನಂಗೇ ಕಮ್ಮಿ" ಎಂದರು. ಅವರಿಗೆ ಕೂಲಿ ಅಳತೆಯ ಲೆಕ್ಕದಲ್ಲಿ ಎಂಬುದು ನನಗೆ ಗೊತ್ತಿತ್ತು, ಆದರೆ ನನ್ನ ಪ್ರತಿ ಟೇಕ್ ಅದರಿಂದ ಕಳೆಯುತ್ತಿದೆ ಎಂಬುದು ತಲೆಗೆ ಹೋಗಿರಲಿಲ್ಲ. ಹಿಂದಿನ ದಿನ ಎಷ್ಟು ಸುಲಿದಿದ್ದರೆಂದು ಕೇಳಿ, ಆ ದಿನದ ಕೊರತೆಯನ್ನು ನಟನೆಯ ಸಂಭಾವನೆಯ ಜೊತೆಗೆ ತುಂಬಿಕೊಟ್ಟೆ; ತೋಟದ ಯಜಮಾನರ ಕೆಲಸ ಹಿಂದೆ ಬೀಳದಂತೆ ರಾತ್ರಿ ನಮ್ಮ ಲೈಟ್‌ಬಾಯ್ ಸಹಿತ ನಾಲ್ವರು ಸುಲಿಯಲು ಕುಳಿತೆವು. ಅದರಲ್ಲಿ ಇಬ್ಬರು ಬೆರಳು ಕೊಯ್ದುಕೊಂಡರು, ಒಬ್ಬ ನಾನು.

ಸಂಕಲನದಲ್ಲಿ ಆ ಸುಲಿಯುವ ದೃಶ್ಯದ ಎರಡನೆಯ ಮತ್ತು ನಾಲ್ಕನೆಯ ಟೇಕ್‌ಗಳನ್ನು ಜೋಡಿಸಲೇಬೇಕಾಯಿತು. ಊರಿನ ಶಾಲೆಯ ಗೋಡೆಗೆ ಪಂಚೆ ಕಟ್ಟಿ ಚಿತ್ರ ತೋರಿಸಿದ ರಾತ್ರಿ, ಆ ದೃಶ್ಯ ಮುಗಿಯುತ್ತಿದ್ದಂತೆ ತಾಯಿಯ ಪಾತ್ರ ಮಾಡಿದ್ದ ಅವರು ನನ್ನತ್ತ ತಿರುಗಿ, ನಡುವೆ ಒಂದು ಬುಟ್ಟಿ ಅಡಿಕೆಯನ್ನು ಯಾರು ಸುಲಿದರೆಂದು ಕೇಳಿದರು.