ಅಮೆರಿಕದಲ್ಲಿ ಮನೆ ಹುಡುಕುವಾಗ ಯಾವ ಪದ ಹಾಕಬೇಕು?

ಹೋದ ವರ್ಷ ಕಲಬುರಗಿಯಲ್ಲಿ ಅಣ್ಣ ಒಂದು ಪ್ಲಾಟ್ ಹುಡುಕುತ್ತಿದ್ದ. ಸೇಡಂ ರೋಡ್ ಕಡೆ, ಥರ್ಟಿ ಫಾರ್ಟಿ ಆದರೂ ಸಾಕು ಅಂತ. ಆನ್‌ಲೈನ್‌ನಲ್ಲಿ ಏನೂ ಸಿಗುತ್ತಿಲ್ಲ ಎಂದು ಫೋನ್ ಮಾಡಿದ. ನೋಡಿದರೆ ‘ಕಲಬುರಗಿ’ ಎಂದು ಮಾತ್ರ ಹುಡುಕಿದ್ದ. ಊರಿನ ಹೆಸರು 2014ರ ನವೆಂಬರ್‌ನಲ್ಲೇ ಬದಲಾಗಿದೆ, ನಿಜ. ಆದರೆ ಎಷ್ಟೋ ಜನ ಇನ್ನೂ ‘ಗುಲ್ಬರ್ಗಾ’ ಎಂದೇ ಬರೆಯುತ್ತಾರೆ. ಆ ಪದ ಹಾಕಿದ ಕೂಡಲೇ ಪಟ್ಟಿ ಉದ್ದವಾಯಿತು.

ಅಣ್ಣನಿಗೆ ನಗುವ ಹಕ್ಕು ನನಗಿರಲಿಲ್ಲ. ಡಲ್ಲಾಸ್ ಕಡೆ ಮನೆ ಹುಡುಕುವಾಗ ನಾನೂ ಇದೇ ತಪ್ಪು ಮಾಡಿ ನಾಲ್ಕು ತಿಂಗಳು ಕಳೆದಿದ್ದೆ. ನನಗೆ ಗೊತ್ತಿದ್ದ ಪದ ಹಾಕುತ್ತಿದ್ದೆ. ಮಾರುವವರು ಬರೆಯುವ ಪದ ಬೇರೆಯೇ ಇತ್ತು.

ಇಲ್ಲಿ ವ್ಯವಸ್ಥೆ ಹೀಗಿದೆ. ಮಾರುವವರ ಏಜೆಂಟ್ ಮನೆಯ ವಿವರವನ್ನು ಎಂಎಲ್‌ಎಸ್ ಎಂಬ ಏಜೆಂಟರ ಡೇಟಾಬೇಸ್‌ಗೆ ಹಾಕುತ್ತಾರೆ. ಝಿಲ್ಲೋ, ರೆಡ್‌ಫಿನ್ ಎಂಬ ಮನೆ ಹುಡುಕುವ ವೆಬ್‌ಸೈಟ್‌ಗಳಲ್ಲಿ ನಾವು ನೋಡುವುದು ಬಹುಪಾಲು ಅಲ್ಲಿಂದ ಬಂದದ್ದೇ. ಬೆಡ್‌ರೂಮ್ ಎಷ್ಟು, ಚದರಡಿ ಎಷ್ಟು, ಕಟ್ಟಿದ ವರ್ಷ ಯಾವುದು, ಇದಕ್ಕೆಲ್ಲ ಬೇರೆ ಬೇರೆ ಖಾನೆಗಳಿವೆ. ಕೊನೆಗೆ ಏಜೆಂಟ್ ತನ್ನ ಮಾತಿನಲ್ಲಿ ಒಂದು ಪ್ಯಾರಾ ಬರೆಯುತ್ತಾನೆ. ಫಿಲ್ಟರ್‌ಗಳು ಖಾನೆಗಳನ್ನು ಓದುತ್ತವೆ. ನಾವು ಹಾಕುವ ಪದವನ್ನು, ಅಂದರೆ ಕೀವರ್ಡನ್ನು, ಸೈಟು ಆ ಪ್ಯಾರಾದಲ್ಲಿ ಹುಡುಕುತ್ತದೆ. ನಮಗೆ ಬೇಕಾದ ಸಂಗತಿಗಳು ಜಾಸ್ತಿ ಇರುವುದು ಪ್ಯಾರಾದಲ್ಲೇ. ಝಿಲ್ಲೋದಲ್ಲಿ ‘ಮೋರ್’ ಒತ್ತಿದರೆ ಕೀವರ್ಡ್ ಹಾಕುವ ಜಾಗ ಸಿಗುತ್ತದೆ, ರೆಡ್‌ಫಿನ್‌ನಲ್ಲೂ ಫಿಲ್ಟರ್‌ಗಳ ನಡುವೆಯೇ ಇದೆ.

ನಮ್ಮ ಮೊದಲ ಬೇಡಿಕೆ ಅವ್ವನದು. ವಿಸಿಟರ್ ವೀಸಾದಲ್ಲಿ ಬಂದರೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಬಹುದು. ಅವ್ವ ಫೋನಿನಲ್ಲೇ ಹೇಳಿಬಿಟ್ಟಳು, ‘ಮ್ಯಾಲ ಹತ್ತೋದು ನನ್ನಿಂದ ಆಗಂಗಿಲ್ಲ ನೋಡಪ್ಪ.’ ನಾನು ‘ಗ್ರೌಂಡ್ ಫ್ಲೋರ್ ಬೆಡ್‌ರೂಮ್’ ಎಂದು ಹುಡುಕಿದೆ. ಏನೂ ಬರಲಿಲ್ಲ. ಬರುವುದು ಹೇಗೆ? ನಮ್ಮ ಗ್ರೌಂಡ್ ಫ್ಲೋರ್ ಇವರಿಗೆ ‘ಫಸ್ಟ್ ಫ್ಲೋರ್’. ನಮ್ಮ ಫಸ್ಟ್ ಫ್ಲೋರ್ ಇವರಿಗೆ ಸೆಕೆಂಡ್. ಟೆಕ್ಸಸ್‌ನ ಏಜೆಂಟರು ‘ಬೆಡ್‌ರೂಮ್ ಡೌನ್’ ಅಥವಾ ಕೆಳಗೆ ಎರಡು ಬೆಡ್‌ರೂಮ್ ಇದ್ದರೆ ‘ಟೂ ಡೌನ್’ ಎಂದು ಬರೆಯುತ್ತಾರೆ. ಬೇರೆ ಕಡೆ ‘ಮೇನ್ ಲೆವೆಲ್’. ಪೂರ್ತಿ ಬೇರೆ ವಾಸಕ್ಕೆ ಆಗುವಂಥದ್ದಾದರೆ ‘ಇನ್-ಲಾ ಸೂಟ್’, ‘ಗೆಸ್ಟ್ ಸೂಟ್’, ಕೆಲವು ಕಡೆ ‘ಕಸೀಟಾ’. ಒಂದೇ ವಸ್ತುವಿಗೆ ಐದಾರು ಹೆಸರು. ಒಂದೊಂದನ್ನೂ ಬೇರೆ ಬೇರೆಯಾಗಿ ಹಾಕಿ ನೋಡಬೇಕು. ನಡುವಿನ ಗೆರೆ ಹಾಕಿ ಒಮ್ಮೆ, ತೆಗೆದು ಒಮ್ಮೆ.

ಜೊತೆಗೆ ಬಾತ್‌ರೂಮ್ ನೋಡಿಕೊಳ್ಳಿ. ‘ಹಾಫ್ ಬಾತ್’ ಎಂದರೆ ಕಮೋಡು ಮತ್ತು ಸಿಂಕ್ ಮಾತ್ರ, ಸ್ನಾನಕ್ಕೆ ಜಾಗವಿಲ್ಲ. ಕೆಳಗೆ ಬೆಡ್‌ರೂಮ್ ಇದ್ದು ಹಾಫ್ ಬಾತ್ ಇದ್ದರೆ ಅವ್ವ ದಿನಾ ಸ್ನಾನಕ್ಕೆ ಮೆಟ್ಟಿಲು ಹತ್ತಬೇಕು. ‘ಫುಲ್ ಬಾತ್ ಡೌನ್’ ಎಂದು ಹುಡುಕಿ.

ಎರಡನೆಯದು ರೊಟ್ಟಿ. ಕರೆಂಟ್ ಒಲೆಯ ಮೇಲೆ ಜೋಳದ ರೊಟ್ಟಿ ಮಾಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ‘ಗ್ಯಾಸ್’ ಎಂದು ಹುಡುಕಿದೆ, ಪಟ್ಟಿ ಬಂತು, ಮುಕ್ಕಾಲು ತಾಸು ಗಾಡಿ ಓಡಿಸಿಕೊಂಡು ಹೋದೆ. ಗ್ಯಾಸ್ ಇತ್ತು, ಹಾಲ್‌ನ ಫೈರ್‌ಪ್ಲೇಸ್‌ಗೆ! ಡಲ್ಲಾಸ್‌ನ ಬಿಸಿಲಿನಲ್ಲಿ ಫೈರ್‌ಪ್ಲೇಸ್ ಎಂದರೆ ನಮ್ಮೂರ ಮೇ ತಿಂಗಳಲ್ಲಿ ಕಂಬಳಿ ಮಾರಿದ ಹಾಗೆ. ‘ಗ್ಯಾಸ್ ಕುಕ್‌ಟಾಪ್’, ‘ಗ್ಯಾಸ್ ರೇಂಜ್’ ಎಂದೇ ಹಾಕಬೇಕು. ಹಾಗೆಯೇ ‘ವೆಂಟೆಡ್’ ಎನ್ನುವ ಪದ, ಅಂದರೆ ಹೊಗೆ ಹೊರಗೆ ಹೋಗುವಂಥದ್ದು. ಇಲ್ಲಿ ಎಷ್ಟೋ ಮನೆಗಳಲ್ಲಿ ಒಲೆ ಮೇಲಿನ ಫ್ಯಾನು ಹೊಗೆಯನ್ನು ಹೊರಗೆ ಬಿಡುವುದಿಲ್ಲ, ಜಾಲರಿಯಲ್ಲಿ ಸೋಸಿ ಮತ್ತೆ ಅಡುಗೆಮನೆಗೇ ಊದುತ್ತದೆ. ಮೆಣಸಿನಕಾಯಿ ಹುರಿದ ದಿನ ಸ್ಮೋಕ್ ಅಲಾರಂ ಕೂಗುವುದು ಖಾತ್ರಿ. ಬಾಡಿಗೆಗೆ ಹುಡುಕುವವರಿಗೆ ಇನ್ನೊಂದು ಮಾತು: ಇಲ್ಲಿನ ಅಪಾರ್ಟ್‌ಮೆಂಟ್ ಬಹುಪಾಲು ಕಟ್ಟಿಗೆಯವು. ಮೇಲಿನ ಮನೆಯಲ್ಲಿ ರೊಟ್ಟಿ ಬಡಿದರೆ ಕೆಳಗಿನವರಿಗೆ ತಲೆ ಮೇಲೆ ಬಡಿದಂತೆ. ನಮ್ಮ ಮೇಲೆ ಎರಡು ಸಲ ದೂರು ಹೋಗಿದೆ. ‘ಫಸ್ಟ್ ಫ್ಲೋರ್ ಯೂನಿಟ್’ ಎಂದು ಹುಡುಕುವುದು ಒಳ್ಳೆಯದು.

ಕೀವರ್ಡ್‌ಗೆ ಅರ್ಥ ತಿಳಿಯುವುದಿಲ್ಲ, ಅಕ್ಷರ ಮಾತ್ರ ಕಾಣುತ್ತದೆ. ‘ಬೇಸ್‌ಮೆಂಟ್’ ಎಂದರೆ ‘ನೋ ಬೇಸ್‌ಮೆಂಟ್’ ಎಂದು ಬರೆದದ್ದೂ ಬರುತ್ತದೆ. ಟೆಕ್ಸಸ್‌ನಲ್ಲಿ ‘ಮಡ್’ (ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್) ಎಂಬುದೊಂದಿದೆ. ಹೊಸ ಬಡಾವಣೆಗೆ ನೀರು, ಒಳಚರಂಡಿ ಹಾಕಿದ ಸಾಲ ತೀರಿಸಲು ಅದು ಅಲ್ಲಿನ ಮನೆಗಳ ಮೇಲೆ ತೆರಿಗೆ ಹಾಕುತ್ತದೆ. ಮಾಮೂಲಿ ಆಸ್ತಿ ತೆರಿಗೆಯ ಮೇಲೆ ಹೆಚ್ಚುವರಿ. ಅದಿದೆಯೋ ಇಲ್ಲವೋ ನೋಡೋಣ ಎಂದು ‘ಮಡ್’ ಹಾಕಿದರೆ ‘ಮಡ್‌ರೂಮ್’ ಇರುವ ಮನೆಗಳು ಬಂದವು. ಅಂದರೆ ಬೂಟು ಬಿಡುವ ಕೋಣೆ! ‘ನೋ ಮಡ್’ ಎಂದು ಸೇರಿಸಿ ಹಾಕಿದ ಮೇಲೆ ಸರಿಯಾಯಿತು. ತೆರಿಗೆ ಇಲ್ಲದ ಕಡೆ ಏಜೆಂಟರು ಅದನ್ನು ಹೆಮ್ಮೆಯಿಂದ ಬರೆಯುತ್ತಾರೆ. ಇರುವ ಕಡೆ ಸುಮ್ನೆ ಇರುತ್ತಾರೆ.

ಕೆಲವು ಪದಗಳು ಎಷ್ಟು ಹುಡುಕಿದರೂ ಸಿಗುವುದಿಲ್ಲ. ‘ಗುಡಿ ಹತ್ತಿರ’, ‘ಇಂಡಿಯನ್ನರು ಇರುವ ಏರಿಯಾ’, ‘ಸಂಸಾರಸ್ಥರಿಗೆ ಮಾತ್ರ’ ಇಂಥವು. 1968ರ ಫೇರ್ ಹೌಸಿಂಗ್ ಕಾನೂನಿನ ಪ್ರಕಾರ ಜನಾಂಗ, ಧರ್ಮ, ಮೂಲದೇಶ ನೋಡಿ ಮನೆ ಜಾಹೀರಾತು ಮಾಡುವಂತಿಲ್ಲ. 1988ರಲ್ಲಿ ಮಕ್ಕಳಿರುವ ಕುಟುಂಬಗಳನ್ನೂ ಅಂಗವಿಕಲರನ್ನೂ ಅದಕ್ಕೆ ಸೇರಿಸಿದರು. ನಮ್ಮೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಮೊದಲು ಬರುವ ಪ್ರಶ್ನೆ ಯಾವುದು ಅಂತ ಗೊತ್ತಲ್ವಾ? ಅದನ್ನು ಇಲ್ಲಿ ಕೇಳಿದರೆ ಕೇಸು. ನಿಮ್ಮ ಏಜೆಂಟ್ ಕೂಡ ‘ಇಲ್ಲಿ ನಿಮ್ಮವರು ಇದ್ದಾರೆ’ ಎಂದು ಹೇಳುವುದಿಲ್ಲ. ಗುಡಿಯನ್ನು ಮ್ಯಾಪಿನಲ್ಲಿ ನೀವೇ ಹುಡುಕಿ, ಸುತ್ತ ಗೆರೆ ಎಳೆದು, ಅದರೊಳಗಿನ ಮನೆಗಳನ್ನು ನೋಡಿ. ‘ಈಸ್ಟ್ ಫೇಸಿಂಗ್’ ಮಾತ್ರ ಬರೆಯಬಹುದು, ದಿಕ್ಕಿಗೆ ಧರ್ಮವಿಲ್ಲ. ಡಲ್ಲಾಸ್ ಪಕ್ಕದ ಫ್ರಿಸ್ಕೊ ಕಡೆ ನಮ್ಮವರಿಗಾಗಿಯೇ ಬರೆಯುತ್ತಾರೆ.

ಇನ್ನು ಸಿಹಿ ಮಾತುಗಳು. ‘ಕೋಜಿ’ ಎಂದರೆ ಇಕ್ಕಟ್ಟು. ‘ಟಿಎಲ್‌ಸಿ’ ಎಂದರೆ ರಿಪೇರಿ ಬಹಳ ಇದೆ. ‘ಆ್ಯಸ್ ಈಸ್’ ಎಂದರೆ ಮಾರುವವರು ಏನೂ ಸರಿಮಾಡಿಕೊಡುವುದಿಲ್ಲ. ‘ಕ್ಯಾಶ್ ಓನ್ಲಿ’ ಎಂದಿದ್ದರೆ ಬ್ಯಾಂಕ್ ಸಾಲ ಸಿಗದಷ್ಟು ಹಾಳಾಗಿರಬಹುದು, ಬಿಟ್ಟುಬಿಡಿ.

ಮನೆ ಇಷ್ಟವಾದರೆ ಅದರ ವಿಳಾಸವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್ ಮಾಡಿ. ಹಳೆಯ ಜಾಹೀರಾತು, ಬಾಡಿಗೆಗೆ ಬಿಟ್ಟಾಗಿನ ಫೋಟೊ ಸಿಗುತ್ತವೆ. ಟೆಕ್ಸಸ್‌ನಲ್ಲಿ ಮನೆ ಮಾರಿದ ಬೆಲೆಯನ್ನು ಬಹಿರಂಗ ಮಾಡಬೇಕೆಂಬ ನಿಯಮವಿಲ್ಲ, ಹಾಗಾಗಿ ಹಿಂದಿನ ಬೆಲೆ ಆನ್‌ಲೈನ್‌ನಲ್ಲಿ ಕಾಣದಿದ್ದರೆ ಗಾಬರಿ ಬೇಡ. ನಿಮ್ಮ ಏಜೆಂಟ್‌ಗೆ ಎಂಎಲ್‌ಎಸ್‌ನಲ್ಲಿ ಕಾಣುತ್ತದೆ, ಕೇಳಿ. ಅಂದಹಾಗೆ, 2024ರ ಆಗಸ್ಟ್ 17ರಿಂದ ಏಜೆಂಟ್ ಜೊತೆ ಮನೆ ನೋಡಲು ಹೋಗುವ ಮೊದಲೇ ಲಿಖಿತ ಒಪ್ಪಂದಕ್ಕೆ ಸಹಿ ಕೇಳುತ್ತಾರೆ. ಅವರ ಕಮಿಷನ್ ಎಷ್ಟು, ಎಷ್ಟು ದಿನಕ್ಕೆ ಎಂಬುದನ್ನು ಓದಿಯೇ ಸಹಿ ಮಾಡಿ. ಚೌಕಾಸಿಗೆ ಜಾಗ ಇರುತ್ತದೆ.

ನಮಗೆ ಕೊನೆಗೆ ಸಿಕ್ಕ ಮನೆಯ ಪ್ಯಾರಾದಲ್ಲಿ ‘ಬೆಡ್‌ರೂಮ್ ಡೌನ್’ ಇರಲೇ ಇಲ್ಲ. ‘ಫ್ಲೆಕ್ಸ್ ರೂಮ್’ ಎಂದಿತ್ತು, ಅಂದರೆ ಹೇಗೆ ಬೇಕಾದರೂ ಬಳಸಬಹುದಾದ ಕೋಣೆ, ಪಕ್ಕದಲ್ಲಿ ಫುಲ್ ಬಾತ್. ಬೇಸತ್ತು ಒಂದು ರಾತ್ರಿ ಆ ಪದ ಹಾಕಿದ್ದಕ್ಕೆ ಕಂಡಿತು. ಮಂಚ ಹಾಕಿದೆವು, ಬಾಗಿಲು ಕೂಡಿಸಿದೆವು. ಅವ್ವ ಬಂದ ದಿನವೇ ಅದು ‘ಕೆಳಗಿನ ಖೋಲಿ’ ಆಯಿತು.